ದುರ್ಯೋಧನನಿಗೆ ದುಡ್ಡಿದೆ, ಡ್ರಾಯಿಂಗ್ ಮೇಷ್ಟ್ರಿಗಿಲ್ಲ

ಬಿಡದಿ, ಬೈರಮಂಗಲ, ಹಾರೋಹಳ್ಳಿಯ ಸೀಮೆಯಲ್ಲಿ ಸುಗ್ಗಿ ಕಳೆದ ಮೇಲೆ ರಾತ್ರಿ ಊಟದ ಹೊತ್ತಿಗೆ ಹಾರ್ಮೋನಿಯಂ ಸದ್ದು ಕೇಳಿಸಿದರೆ, ಆ ಊರಿನಲ್ಲಿ ನಾಟಕ ಕಟ್ಟಿದ್ದಾರೆ ಎಂದೇ ಲೆಕ್ಕ. ಕುರುಕ್ಷೇತ್ರವೋ ರಾಮಾಯಣವೋ ಆಗಿರುತ್ತದೆ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕುಯ್ದವರು, ಡೇರಿಗೆ ಹಾಲು ಹಾಕಿ ಬಂದವರು, ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿದವರು ಒಂದೆಡೆ ಕುಳಿತು ಕಂದಪದ್ಯ ಬಾಯಿಪಾಠ ಮಾಡುತ್ತಾರೆ. ಪಾತ್ರ ಪುಕ್ಕಟೆ ಸಿಗುವುದಿಲ್ಲ, ಹಣ ಕೊಟ್ಟು ತೆಗೆದುಕೊಳ್ಳಬೇಕು. ಕೃಷ್ಣ, ದುರ್ಯೋಧನ, ಭೀಮನ ಪಾರ್ಟಿಗೆ ಹೆಚ್ಚು. ವಿದುರ, ಸಂಜಯನಿಗೆ ಕಡಿಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ತಿಂಗಳುಗಟ್ಟಲೆ ಸಂಬಳ ಹೋಗಬೇಕು. ಸೀನರಿ, ಡ್ರೆಸ್ಸು, ಮೈಕು, ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯ ಸಂಭಾವನೆ ಎಲ್ಲಕ್ಕೂ ಅದೇ ಗಂಟು. ನಾಟಕದ ದಿನ ಪಾತ್ರಧಾರಿಗಳ ಫೋಟೊ ಹಾಕಿದ ಫ್ಲೆಕ್ಸ್ ಊರ ಬಾಗಿಲಲ್ಲಿ ಎದ್ದಿರುತ್ತದೆ. ರಂಗದ ಮೇಲೆ ನೆಂಟರು ಬಂದು ಹಾರ ಹಾಕಿ ನೋಟಿನ ಕಾಣಿಕೆ ಕೊಡುತ್ತಾರೆ. ಯುದ್ಧ ಮುಗಿಯುವಾಗ ಬೆಳಗಾಗಿರುತ್ತದೆ.

ಇದಕ್ಕೆ ಸರ್ಕಾರದ ಅನುದಾನವಿಲ್ಲ, ಸುತ್ತೋಲೆಯೂ ಇಲ್ಲ. ಕಂಪನಿ ನಾಟಕಗಳ ಮಟ್ಟನ್ನು ಹಳ್ಳಿಗರು ತಮ್ಮದಾಗಿಸಿಕೊಂಡು, ತಾವೇ ದುಡ್ಡು ಹಾಕಿ, ತಾವೇ ಮೇಷ್ಟ್ರನ್ನು ನೇಮಿಸಿಕೊಂಡು ತಲೆಮಾರುಗಳಿಂದ ನಡೆಸಿಕೊಂಡು ಬಂದ ಏರ್ಪಾಡು ಇದು. ಹಳೆ ಮೈಸೂರು ಸೀಮೆಯ ಹಳ್ಳಿಗನಿಗೆ ಕಲೆಗಾಗಿ ಖರ್ಚು ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು. ಹಾಗಿದ್ದೂ ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಸಂಗೀತದ ಪೀರಿಯಡ್ಡು ಯಾಕಿಲ್ಲ? ಭೀಮನ ಪಾರ್ಟು ಮಾಡಿದ ಅಪ್ಪನ ಮಗಳು ಐದನೇ ತರಗತಿಯಲ್ಲಿ ಬಣ್ಣದ ಪೆಟ್ಟಿಗೆಯನ್ನೇ ಮುಟ್ಟದೆ ವರ್ಷ ಮುಗಿಸುವುದು ಹೇಗೆ?

ಶಾಲೆಯೊಳಗಿನ ಕಥೆ ಆರಂಭವಾಗುವುದು ಚೆನ್ನಾಗಿಯೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಪ್ರಯೋಗವಾಗಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ, ಚಿತ್ರ ಬಿಡಿಸುತ್ತಾರೆ. ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಬೆಂಚು ಸಾಲಾಗುತ್ತದೆ, ಹಾಡು ನಿಲ್ಲುತ್ತದೆ. ಅಲ್ಲಿಂದಾಚೆ ಕಲೆ ಎನ್ನುವುದು ಅಂಕಪಟ್ಟಿಯ ಭಾಗ ‘ಬಿ’ಯಲ್ಲಿ ತುಂಬಬೇಕಾದ ಒಂದು ಗ್ರೇಡ್. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅದಕ್ಕೆ ಒಂದೂ ಇಲ್ಲ.

ಕಾನೂನು ಈ ಬಗ್ಗೆ ಏನೂ ಹೇಳಿಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಆ ‘ನೂರಕ್ಕೂ ಹೆಚ್ಚು’ ಎಂಬ ಷರತ್ತಿನಲ್ಲೇ ಎಷ್ಟೋ ಹಳ್ಳಿ ಶಾಲೆಗಳು ಜಾರಿಬಿಡುತ್ತವೆ. ಅಲ್ಲಿ ಆ ಮೂರು ತರಗತಿಗೆ ಸೇರಿಸಿ ಐವತ್ತು ಮಕ್ಕಳಿದ್ದರೆ ಹೆಚ್ಚು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಒಂದು ವಿಷಯವಾಗಿಯೇ ಇರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನು ಶಾಲೆಯಲ್ಲೇ ಇರಿಸಿಕೊಂಡು ಕಲಿಸುವ ಮಾತಾಡಿತು. ಕಾಗದದ ಮೇಲೆ ನಮ್ಮ ಮಕ್ಕಳು ಬಹಳ ಕಲಾವಂತರು.

ಪ್ರತಿಭಾ ಕಾರಂಜಿ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. ಕ್ಲಸ್ಟರಿನಿಂದ ರಾಜ್ಯ ಮಟ್ಟದವರೆಗೆ ಹಳ್ಳಿ ಮಗುವಿಗೆ ಒಂದು ವೇದಿಕೆ ಸಿಕ್ಕಿದೆ. ಆದರೆ ನಡೆಯುವುದೇನು? ಮನೆಯಲ್ಲಿ ಅಥವಾ ಟ್ಯೂಷನ್ನಿನಲ್ಲಿ ಆಗಲೇ ಕಲಿತ ಮಗುವನ್ನು ಹುಡುಕಿ ಕಳಿಸುವುದು. ಸ್ಪರ್ಧೆಗೆ ಹದಿನೈದು ದಿನ ಇದ್ದಾಗ ಒಂದು ಜಾನಪದ ನೃತ್ಯದ ಧ್ವನಿಮುದ್ರಿಕೆ ತರಿಸಿ ಏಳೆಂಟು ಮಕ್ಕಳನ್ನು ಕುಣಿಸುವುದು. ಬಾಡಿಗೆ ಡ್ರೆಸ್ಸಿನ ಹಣ ಮೇಷ್ಟ್ರ ಜೇಬಿನಿಂದ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಕಾರಂಜಿ ಚಿಮ್ಮಬೇಕಾದರೆ ಕೆಳಗೆ ತೊಟ್ಟಿಯಲ್ಲಿ ನೀರಿರಬೇಕು. ನಾವು ಬರೀ ಪೈಪು ಜೋಡಿಸಿದ್ದೇವೆ. ವಾರ್ಷಿಕೋತ್ಸವದ ಮಾತಂತೂ ಬೇಡ. ಶಾಮಿಯಾನ, ಸೌಂಡ್ ಸಿಸ್ಟಂ, ಅತಿಥಿಗಳ ಶಾಲು ಮತ್ತು ಹಣ್ಣಿನ ಬುಟ್ಟಿಗೆ ಒಂದೇ ರಾತ್ರಿ ಕರಗುವ ಹಣದಲ್ಲಿ ಎಷ್ಟೋ ಶಾಲೆಗಳು ವಾರಕ್ಕೆರಡು ದಿನ ಬರುವ ಒಬ್ಬ ಹಾಡಿನ ಮೇಷ್ಟ್ರನ್ನು ಹಲವು ತಿಂಗಳು ಇಟ್ಟುಕೊಳ್ಳಬಹುದು.

ಊರಿನಲ್ಲಿ ಹಣವೂ ಇದೆ, ಅಭಿರುಚಿಯೂ ಇದೆ. ಎರಡೂ ಶಾಲೆಯ ಗೇಟಿನ ಹೊರಗೇ ನಿಂತಿವೆ. ಇದಕ್ಕೆ ಒಂದು ಕಾರಣ, ಶಾಲೆಗೆ ದಾನ ಎಂದರೆ ನಮಗೆ ಕಣ್ಣಿಗೆ ಕಾಣುವ ವಸ್ತುವೇ ಆಗಬೇಕು. ಕೊಠಡಿ, ಕಾಂಪೌಂಡು, ನೀರಿನ ಫಿಲ್ಟರು, ಬೀರು. ಅದರ ಮೇಲೆ ದಾನಿಯ ಹೆಸರು ಬರೆಸಬಹುದು. ಮಗುವಿನ ಗಂಟಲಿಗೆ ಬಂದ ಹಾಡಿನ ಮೇಲೆ ಹೆಸರು ಬರೆಸುವುದು ಹೇಗೆ? ಬಿಡದಿ ಕೈಗಾರಿಕಾ ಪ್ರದೇಶದ ಕಂಪನಿಗಳ ದಾನವೂ ಬಹುಪಾಲು ಇದೇ ದಾರಿಯಲ್ಲಿ ಹರಿದಿದೆ. ಅದರಿಂದ ಆದ ಒಳಿತನ್ನು ಅಲ್ಲಗಳೆಯುವಂತಿಲ್ಲ. ಟೊಯೋಟಾ ಕಿರ್ಲೋಸ್ಕರ್ 2015ರಲ್ಲಿ ಆರಂಭಿಸಿದ ‘ಎಬಿಸಿಡಿ’ ಯೋಜನೆ ರಾಮನಗರ ಜಿಲ್ಲೆಯ ಶಾಲೆಗಳಲ್ಲಿ ಶೌಚಾಲಯ ಬಳಕೆಯ ಅಭ್ಯಾಸವನ್ನು ಮಕ್ಕಳ ಮೂಲಕವೇ ಬೆಳೆಸಲು ಹೊರಟಿತು, ಅದೂ ಬರೀ ಕಟ್ಟಡ ಕಟ್ಟಿ ಕೈತೊಳೆದುಕೊಳ್ಳದೆ. ಹಾಗೆಯೇ ಕಲೆಗೂ ಕೇಳಬಹುದು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಬಳಸಬೇಕೆನ್ನುತ್ತದೆ. ಅದರ ಏಳನೇ ಅನುಸೂಚಿಯಲ್ಲಿ ಶಿಕ್ಷಣದ ಜೊತೆಗೆ ಕಲೆ, ಸಂಸ್ಕೃತಿ, ಪಾರಂಪರಿಕ ಕಲೆ ಮತ್ತು ಕರಕುಶಲದ ಬೆಳವಣಿಗೆಯೂ ಹೆಸರಿಟ್ಟು ಸೇರಿದೆ. ಕಂಪನಿಯ ಬಾಗಿಲಿಗೆ ಅರ್ಜಿ ಹಿಡಿದು ಹೋಗುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಈ ಸಾಲನ್ನು ತೋರಿಸಿ ಕೇಳಿದ್ದು ಅಪರೂಪ.

ಇನ್ನೊಂದು ಕಾರಣ ಅನುಮಾನ. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ, ಪೋಷಕರಿಂದ ತಿಂಗಳಿಗೆ ನೂರು ರೂಪಾಯಿವರೆಗೆ ಸ್ವಇಚ್ಛೆಯ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಸುತ್ತೋಲೆ ಹೊರಡಿಸಿತು. ಗದ್ದಲ ಎದ್ದಿತು, ಕೆಲವೇ ದಿನಗಳಲ್ಲಿ ವಾಪಸು ಪಡೆಯಿತು. ಜನ ಸಿಟ್ಟಾದದ್ದು ಸರಿಯಾಗಿಯೇ ಇತ್ತು. ಕಡ್ಡಾಯ ಶಿಕ್ಷಣ ಉಚಿತವಾಗಿರಬೇಕು. ಕೂಲಿ ಮಾಡುವ ತಾಯಿಗೆ ‘ಸ್ವಇಚ್ಛೆ’ ಎಂಬ ಪದ ತರಗತಿಯ ಬಾಗಿಲಲ್ಲಿ ಬೇರೆಯೇ ದನಿಯಲ್ಲಿ ಕೇಳಿಸುತ್ತದೆ. ಹೀಗಾಗಿ ಕಲೆಯ ನೆಪದಲ್ಲಿ ಮಗುವಿನ ತಲೆಗೊಂದು ಶುಲ್ಕ ಕಟ್ಟುವ ಯೋಚನೆಯನ್ನೇ ಕೈಬಿಡಬೇಕು. ಊರು ಕೊಡುವುದು ಬೇರೆ, ಮಗುವಿನಿಂದ ವಸೂಲು ಮಾಡುವುದು ಬೇರೆ. ನಾಟಕಕ್ಕೆ ಪಾರ್ಟು ತೆಗೆದುಕೊಳ್ಳುವಾಗಲೂ ಹಾಗೇ ಅಲ್ಲವೇ? ಇದ್ದವನು ದುರ್ಯೋಧನನಾಗುತ್ತಾನೆ, ಇಲ್ಲದವನು ಕುರ್ಚಿ ಹೊರುತ್ತಾನೆ, ನೋಡುವುದಕ್ಕೆ ಎಲ್ಲರೂ ಬರುತ್ತಾರೆ. ಶಾಲೆಯಲ್ಲಿ ಆ ಮೊದಲ ಭಾಗ ಮಾತ್ರ ಬದಲಾಗಬೇಕು: ಪಾರ್ಟು ಎಲ್ಲ ಮಕ್ಕಳಿಗೂ ಸಿಗಬೇಕು.

ಊರೇ ನಿಂತು ಶಾಲೆಯಲ್ಲಿ ಕಲೆ ಕಲಿಸಿದ ಉದಾಹರಣೆ ನಮ್ಮಲ್ಲೇ ಇದೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ. ಅದರ ಜೊತೆಗೂಡಿ ಬೆಳೆದ ಯಕ್ಷಶಿಕ್ಷಣ ಟ್ರಸ್ಟು ಪ್ರೌಢಶಾಲೆಗಳಿಗೆ ಯಕ್ಷಗಾನದ ಗುರುಗಳನ್ನು ಕಳಿಸುತ್ತದೆ. ಮಳೆಗಾಲದಲ್ಲಿ ತರಗತಿ ಮುಗಿದ ಮೇಲೆ ತಾಳ, ಹೆಜ್ಜೆ, ಮಾತುಗಾರಿಕೆ ಶುರುವಾಗುತ್ತದೆ; ವರ್ಷದ ಕೊನೆಗೆ ಮಕ್ಕಳು ಪೂರ್ಣ ವೇಷ ಕಟ್ಟಿ, ಹಿಮ್ಮೇಳದೊಂದಿಗೆ ಇಡೀ ಪ್ರಸಂಗವನ್ನೇ ಸಾರ್ವಜನಿಕರೆದುರು ಆಡುತ್ತಾರೆ. ಗಂಡಸರ ಮೇಳಗಳಲ್ಲೇ ಬೆಳೆದ ಕಲೆಗೆ ಈಗ ಹೆಣ್ಣುಮಕ್ಕಳ ದಂಡೇ ಬಂದಿದೆ. ಶಾಸಕರು, ಮಠ, ದಾನಿಗಳು, ಮುಖ್ಯೋಪಾಧ್ಯಾಯರು, ಪೋಷಕರು ಎಲ್ಲರೂ ಅದರಲ್ಲಿ ಒಂದೊಂದು ಹೊಣೆ ಹೊತ್ತಿದ್ದಾರೆ. ಗುರುವಿನ ಸಂಭಾವನೆ, ವೇಷಭೂಷಣದ ಖರ್ಚು ಶಾಲೆಯ ತಲೆಯ ಮೇಲೆ ಬೀಳುವುದಿಲ್ಲ. ಶಾಲೆ ಕೊಡಬೇಕಾದ್ದು ಜಾಗ, ಸಮಯ ಮತ್ತು ಜೊತೆಗೆ ನಿಲ್ಲುವ ಒಬ್ಬ ಶಿಕ್ಷಕ. ನನಗೆ ಇದರಲ್ಲಿ ಮುಖ್ಯವಾಗಿ ಕಂಡಿದ್ದು ಗುರುವಿಗೆ ವರ್ಷವರ್ಷವೂ ಕೆಲಸ ಸಿಗುತ್ತದೆ ಎಂಬುದು. ಒಂದು ದಿನದ ಕಾರ್ಯಾಗಾರಕ್ಕೆ ಬಂದು ಪ್ರಮಾಣಪತ್ರ ಹಂಚಿ ಹೋಗುವವರಿಂದ ಮಗು ಏನನ್ನೂ ಕಲಿಯುವುದಿಲ್ಲ. ಕಲಿಸುವವನಿಗೂ ಹೊಟ್ಟೆ ತುಂಬುವುದಿಲ್ಲ.

ಇದನ್ನು ಹಾಗೆಯೇ ಎತ್ತಿ ತಂದು ರಾಮನಗರದಲ್ಲಿ ನೆಡಲಾಗದು. ಕರಾವಳಿಯಲ್ಲಿ ಒಂದು ದೊಡ್ಡ ಕಲೆ, ಅದರ ಬೆನ್ನಿಗೆ ವೃತ್ತಿಮೇಳಗಳಿವೆ. ಇಲ್ಲಿ ಹಲವು ಕಲೆಗಳು, ಒಂದೊಂದೂ ಒಂದೊಂದು ಕೇರಿಯಲ್ಲಿ. ಬಿದಿರ ದಬ್ಬೆಯ ಚೌಕಟ್ಟಿಗೆ ಸೀರೆ ಉಡಿಸಿ, ನಡುವೆ ದೇವಿಯ ಮುಖ ಕೂರಿಸಿ, ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತ ಇಲ್ಲಿಯದು. ಉದ್ದನೆಯ ಗಳುವಿಗೆ ಬಣ್ಣದ ಬಟ್ಟೆ ಕಟ್ಟಿ ಆಡುವ ಪಟ ಕುಣಿತ, ವೀರಗಾಸೆ, ಕೋಲಾಟ ಇವೆ. ಮದುವೆ, ಆರತಿಗೆ ಸೋಬಾನೆ ಹೇಳುವ ಅಜ್ಜಿಯರಿದ್ದಾರೆ. ಜನಪದ ಗಾಯಕ ಬಾನಂದೂರು ಕೆಂಪಯ್ಯನವರು ಬಿಡದಿ ಸೀಮೆಯ ಬಾನಂದೂರಿನವರೇ. ಇನ್ನೊಬ್ಬ ಜನಪದ ಗಾಯಕ ಅಪ್ಪಗೆರೆ ತಿಮ್ಮರಾಜು ಚನ್ನಪಟ್ಟಣ ಕಡೆಯವರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ನಾಡಿಗೆ ತೆರೆದ ಜಾನಪದ ಲೋಕ ರಾಮನಗರ–ಚನ್ನಪಟ್ಟಣದ ನಡುವೆ ಹೆದ್ದಾರಿಯ ಬದಿಯಲ್ಲೇ ಇದೆ. ಅಲ್ಲಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಗ್ರೂಪ್ ಫೋಟೊ ತೆಗೆಸಿ, ಅಲ್ಲಿಂದ ವಂಡರ್‌ಲಾಗೆ ಬಸ್ಸು ತಿರುಗಿಸುವುದು ವಾಡಿಕೆ. ಗಾಜಿನ ಕಪಾಟಿನಲ್ಲಿ ನೋಡಿದ ವಾದ್ಯವೇ ತನ್ನ ಪಕ್ಕದ ಮನೆಯ ಅಟ್ಟದಲ್ಲೂ ಇದೆ ಎಂದು ಮಗುವಿಗೆ ಹೇಳುವವರಿಲ್ಲ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಹೆಮ್ಮೆ ಸಿಕ್ಕಿ ಎಷ್ಟೋ ವರ್ಷವಾಯಿತು. ಆಲೆ ಮರದ ತುಂಡು ಅರಗಿನ ಬಣ್ಣ ಕುಡಿಯುವುದನ್ನು ಪಕ್ಕದ ತಾಲ್ಲೂಕಿನ ಮಗು ಕಣ್ಣಾರೆ ಕಂಡಿರುವುದಿಲ್ಲ.

ತಮಟೆಯ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಪೂಜಾ ಕುಣಿತವಿರಲಿ, ಹಬ್ಬದ ಮೆರವಣಿಗೆಯಿರಲಿ, ತಮಟೆ ಬಡಿಯದೆ ಹೆಜ್ಜೆ ಏಳುವುದಿಲ್ಲ. ಆದರೆ ತಮಟೆ ಬಡಿಯುವುದು ಊರಿನಲ್ಲಿ ಕಲೆ ಎನ್ನಿಸಿಕೊಳ್ಳಲಿಲ್ಲ. ದಲಿತ ಕೇರಿಯವರು ಕರೆದಾಗ ಬಂದು ಮಾಡಬೇಕಾದ ಚಾಕರಿ ಎನ್ನಿಸಿಕೊಂಡಿತು. ಹಾಗಾಗಿ ಆ ಕೇರಿಯ ಓದಿದ ಹುಡುಗರು ಅದನ್ನು ಮುಟ್ಟಲು ಹಿಂಜರಿದರೆ ಅದು ಅವರ ತಪ್ಪಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿಯೇ. ಊರಿನ ತಮಟೆ ಕಲಾವಿದರನ್ನು ಶಾಲೆಗೆ ಕರೆಯುವುದಾದರೆ ಸ್ವಾತಂತ್ರ್ಯ ದಿನದ ಮೆರವಣಿಗೆಯ ಮುಂದೆ ನಡೆಯಲು ಕರೆಯಬಾರದು. ಕುರ್ಚಿ ಹಾಕಿ, ‘ಮೇಷ್ಟ್ರೇ’ ಎಂದು ಕೂಗಿ, ಹಾಜರಿ ಪುಸ್ತಕದಲ್ಲಿ ರುಜು ಹಾಕಿಸಿ, ಎಲ್ಲ ಕೇರಿಯ ಮಕ್ಕಳ ಕೈಗೂ ಕೋಲು ಕೊಡಿಸಿ ಕಲಿಸಬೇಕು. ಬೆಂಕಿಗೆ ಹಿಡಿದಾಗ ಚರ್ಮ ಬಿಗಿದು ನಾದ ಏರುವುದನ್ನು ನೋಡಿದ ಮಗುವಿಗೆ ವಿಜ್ಞಾನದ ಶಬ್ದದ ಪಾಠ ಬೇರೆ ಹೇಳಬೇಕೇ? ಹೀಗೆ ಮಾಡಲು ಹೊರಟಾಗ ಪೋಷಕರ ಸಭೆಯಲ್ಲಿ ಗೊಣಗಾಟ ಕೇಳಿಬಂದೇ ಬರುತ್ತದೆ. ಆ ಗೊಣಗಾಟ ಎದುರಿಸುವ ಧೈರ್ಯ ಮುಖ್ಯೋಪಾಧ್ಯಾಯರಿಗೆ ಒಬ್ಬರಿಗೇ ಇರುವುದಿಲ್ಲ. ಆಗ ಜೊತೆಗೆ ನಾಲ್ಕು ಜನ ತಾಯಂದಿರು ಎದ್ದು ನಿಂತರೆ ಸಭೆಯ ಬಣ್ಣವೇ ಬೇರೆ.

ಆ ತಾಯಂದಿರಿಗೆ ಕುರ್ಚಿ ಈಗಾಗಲೇ ಇದೆ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ರಾಜ್ಯದಲ್ಲಿ ಎಸ್‌ಡಿಎಂಸಿಗಳು ರಚನೆಯಾದವು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಅದರಲ್ಲಿ ಕಟ್ಟಡ, ಶೌಚಾಲಯದ ಕೆಳಗೆ ‘ವಾರಕ್ಕೆರಡು ಕಲಾ ಪೀರಿಯಡ್, ಹೊರಗಿನ ಕಲಾವಿದರಿಂದ’ ಎಂದು ಒಂದು ಸಾಲು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಬರೆದರೆ ಅದು ದಾಖಲೆ. ಕಂಪನಿಗೆ, ಡೇರಿಗೆ, ಪಂಚಾಯಿತಿಗೆ ತೋರಿಸಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಬಹುದು. ಬಂದ ಹಣ ಸಮಿತಿಯ ಬ್ಯಾಂಕ್ ಖಾತೆಗೇ ಬರಬೇಕು, ರಸೀದಿ ಕೊಡಬೇಕು, ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕು. ನಾಟಕದ ಚಂದಾ ಲೆಕ್ಕದಲ್ಲಿ ಜಗಳವಾಡಿಕೊಂಡ ಊರುಗಳು ಎಷ್ಟಿಲ್ಲ!

ಸಭೆ ಕರೆಯುವ ದಿನ ಚಿಕ್ಕ ಸಂಗತಿಯೆನ್ನಿಸಿದರೂ ಅಲ್ಲೇ ಎಷ್ಟೋ ಪ್ರಯತ್ನಗಳು ಮುರಿದುಬೀಳುತ್ತವೆ. ರೇಷ್ಮೆ ಮಾಡುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಮನೆಯವರಿಗೆ ಊಟಕ್ಕೂ ಬಿಡುವಿಲ್ಲ. ಅಂಥ ವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದು, ಪೋಷಕರಿಗೆ ಆಸಕ್ತಿಯಿಲ್ಲ ಎಂದು ಷರಾ ಬರೆಯುವುದು ಅನ್ಯಾಯ. ಸಂಜೆ ಡೇರಿಗೆ ಹಾಲು ಹಾಕಲು ಎಲ್ಲರೂ ಬರುತ್ತಾರಲ್ಲ, ಅಲ್ಲೇ ಮಾತಾಡಬಹುದು.

ಶಿಕ್ಷಕರ ಕಷ್ಟವನ್ನೂ ಹೇಳದಿದ್ದರೆ ಮಾತು ಒಮ್ಮುಖವಾಗುತ್ತದೆ. ಬಿಸಿಯೂಟ, ಮೊಟ್ಟೆ, ಆ್ಯಪಿಗೆ ಮಾಹಿತಿ ತುಂಬುವುದು, ಗಣತಿಗಳ ನಡುವೆ ಇರುವ ಮೂರು ಮಂದಿ ಐದು ತರಗತಿ ನಡೆಸಬೇಕು. ಅವರ ಮೇಲೆ ಕಲೆಯನ್ನೂ ಹೇರಿದರೆ ಅದು ಇನ್ನೊಂದು ರಿಜಿಸ್ಟರ್ ಆಗುತ್ತದೆ ಅಷ್ಟೆ. ಆದರೂ ಆಸೆಯಿರುವ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಿಂದ ನಡೆಸಿಕೊಂಡು ಬಂದ ‘ಕಲಿ-ಕಲಿಸು’ ಕಾರ್ಯಕ್ರಮದಲ್ಲಿ ಕನ್ನಡ ನಾಡಿನ ಸರ್ಕಾರಿ ಶಾಲೆಗಳ ಶಿಕ್ಷಕರಿಗೇ ನೇರ ಅನುದಾನ ಸಿಕ್ಕಿದೆ. ತಮ್ಮೂರಿನ ಕಲೆ, ಕಸುಬು, ಚರಿತ್ರೆಯನ್ನು ಪಾಠದ ಜೊತೆ ಬೆಸೆಯುವ ಯೋಜನೆಗಳನ್ನು ಅವರೇ ಬರೆದು, ಮಕ್ಕಳೊಂದಿಗೆ ಮಾಡಿದ್ದಾರೆ. ಹೊರಗಿನ ಕಲಾವಿದರು ಬಂದಾಗ ತರಗತಿಯಲ್ಲಿ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ ಕಡ್ಡಾಯವಾಗಿ ಜೊತೆಗಿರಬೇಕು. ಇದು ಕಲಾವಿದರ ಮೇಲಿನ ಅಪನಂಬಿಕೆಯಲ್ಲ, ಮಕ್ಕಳ ರಕ್ಷಣೆಯ ಮೊದಲ ನಿಯಮ.

“ಕುಣುದ್ರೆ ಮಾರ್ಕ್ಸ್ ಬತ್ತದಾ ಮೇಷ್ಟ್ರೇ?” ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಊರಿನ ಕಲಾಸಂಸ್ಥೆಗಳು ಮತ್ತು ದಾನಿಗಳು ಶಾಲೆಗಳ ಜೊತೆ ಕೈಜೋಡಿಸಿ ನಡೆಸಿದ ಒಂದು ಯೋಜನೆಯನ್ನು ಬೋವೆನ್ ಮತ್ತು ಕಿಸಿಡಾ ಎಂಬ ಸಂಶೋಧಕರು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. 42 ಶಾಲೆ, 10,548 ಮಕ್ಕಳು. ಯಾವ ಶಾಲೆಗೆ ಕಲೆ ಮೊದಲು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಿದ್ದರು. ಕಲೆ ಸಿಕ್ಕ ಶಾಲೆಗಳಲ್ಲಿ ಶಿಸ್ತು ಉಲ್ಲಂಘನೆಗೆ ಸಿಕ್ಕಿಬಿದ್ದ ಮಕ್ಕಳ ಪ್ರಮಾಣ 3.6 ಶೇಕಡಾವಾರು ಅಂಶ ಇಳಿಯಿತು, ಬರವಣಿಗೆಯ ಅಂಕ ಏರಿತು, ಬೇರೆಯವರ ನೋವಿಗೆ ಮಿಡಿಯುವ ಗುಣ ಹೆಚ್ಚಿತು. ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ, ಇಳಿಕೆಯೂ ಇಲ್ಲ. ಕಲೆಯನ್ನು ಮಾರ್ಕ್ಸಿನ ಟಾನಿಕ್ ಎಂದು ಮಾರಿದರೆ ಮುಂದಿನ ವರ್ಷ ಫಲಿತಾಂಶ ಬಂದಾಗ ಕಲಾ ಪೀರಿಯಡ್ಡೇ ಮೊದಲು ಬಲಿಯಾಗುತ್ತದೆ. ನಾಟಕದಲ್ಲಿ ಮಾತಾಡಿದ ಮಗು ಸಂದರ್ಶನದಲ್ಲಿ ತೊದಲುವುದಿಲ್ಲ ಎಂದು ಅಪ್ಪನಿಗೆ ಹೇಳಬಹುದು. ಅವನು ತಾನೇ ರಂಗದ ಮೇಲೆ ನಿಂತವನಾದರೆ ಅದನ್ನೂ ಹೇಳಬೇಕಿಲ್ಲ.

ಇನ್ನು ಮಕ್ಕಳು ಆಡಬೇಕಾದ್ದು ಏನನ್ನು? ದೊಡ್ಡವರ ಕುರುಕ್ಷೇತ್ರವನ್ನೇ ಚಿಕ್ಕದು ಮಾಡಿ ಆಡಿಸುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಬೈರಮಂಗಲದ ಮಕ್ಕಳ ಕಣ್ಣೆದುರೇ ಒಂದು ಕಥೆಯಿದೆ. ವೃಷಭಾವತಿಗೆ ಅಡ್ಡಲಾಗಿ ವ್ಯವಸಾಯಕ್ಕೆಂದು ಕಟ್ಟಿದ ಜಲಾಶಯಕ್ಕೆ ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ರಾಸಾಯನಿಕ ಹರಿದು ಬಂದು, ನೊರೆ ಎದ್ದು, ತಾತ ಈಜಿದ ನೀರಿಗೆ ಮೊಮ್ಮಗ ಕೈ ಹಾಕುವಂತಿಲ್ಲ. ಬೆಳೆ ಬದಲಾಯಿತು, ಮೀನು ಹೋಯಿತು, ವಾಸನೆ ಉಳಿಯಿತು. ಏಳನೇ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಮಾತಾಡಿಸಿ ಅರ್ಧ ಗಂಟೆಯ ನಾಟಕ ಕಟ್ಟಿದರೆ ಅದಕ್ಕೆ ಸೀನರಿ ಬಾಡಿಗೆಯೂ ಬೇಡ. ಅಂಥ ನಾಟಕಕ್ಕೆ ಪಕ್ಕದ ಕಾರ್ಖಾನೆಯಿಂದ ದೇಣಿಗೆ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಊರೇ ಹಣ ಹಾಕಬೇಕು ಎನ್ನಲು ಇದೂ ಒಂದು ಕಾರಣ.

ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಅದೇ ವರ್ಷ ಬಿಡದಿ ಉಪನಗರ ಯೋಜನೆಗೆ ಭೂಸ್ವಾಧೀನದ ಅಧಿಸೂಚನೆ ಬಂದು, ಬೈರಮಂಗಲದ ರೈತರು ಧರಣಿ ಕೂತರು. ಜಮೀನು ಉಳಿಯುತ್ತದೋ ಹೋಗುತ್ತದೋ, ಅದರ ತೀರ್ಮಾನ ಬೇರೆಲ್ಲೋ ಆಗುತ್ತದೆ. ಊರು ಚದುರಿದರೆ ನಾಟಕದ ತಂಡ ಚದುರುತ್ತದೆ, ಸೋಬಾನೆ ಹೇಳುವವರಿಗೆ ಸೊಲ್ಲು ಎತ್ತಿಕೊಳ್ಳುವ ಜೊತೆಗಾತಿಯರು ಇರುವುದಿಲ್ಲ. ಯಾವ ಮನೆಯಲ್ಲಿ ಯಾರಿಗೆ ಯಾವ ಹಾಡು, ಯಾವ ವಾದ್ಯ, ಯಾವ ಕಸುಬು ಬರುತ್ತದೆ ಎಂದು ಪಟ್ಟಿ ಮಾಡುವ ಕೆಲಸವನ್ನು ಶಾಲೆಯೇ ಈಗ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಅನುದಾನ ಬೇಡ, ಸುತ್ತೋಲೆಯೂ ಬೇಡ. ಒಂದು ನೂರು ಪುಟದ ಪುಸ್ತಕ, ಮನೆಯವರ ಒಂದು ಮೊಬೈಲು, ಮಕ್ಕಳಿಗೆ ಒಂದು ದಸರಾ ರಜೆ ಸಾಕು. ರಜೆ ಕಳೆದು ಶಾಲೆ ತೆರೆದ ಮೇಲೆ ಆ ಪಟ್ಟಿಯಲ್ಲಿ ಮೊದಲು ಯಾರನ್ನು ತರಗತಿಗೆ ಕರೆಯಬೇಕೆಂದು ಪೋಷಕರೂ ಶಿಕ್ಷಕರೂ ಕೂತು ಜಗಳವಾಡಲಿ.